ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ಹೃದಯದ ಲಯದೋಷ

ಅಧಿಕ ರಕ್ತದೊತ್ತಡ, ಕವಾಟದ ಕಾಯಿಲೆಯಂಥ ಕಾರಣಗಳಿಲ್ಲದೆ ಹೃದಯಸ್ನಾಯು ದಪ್ಪವಾಗುವ ರೋಗವೇ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ವಯಸ್ಕರಲ್ಲಿ ಎಡ ಹೃತ್ಕುಕ್ಷಿಯ ಗೋಡೆ 15 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಿದ್ದರೆ ಸಾಮಾನ್ಯವಾಗಿ ರೋಗವಿದೆಯೆಂದು ಗುರುತಿಸುತ್ತಾರೆ. 1958ರಲ್ಲಿ ಲಂಡನ್ನಿನ ರೋಗವಿಜ್ಞಾನಿ ಡೊನಾಲ್ಡ್ ಟಿಯರ್, ಹಠಾತ್ತನೆ ಸತ್ತ ಎಳೆಯರ ಹೃದಯಗಳಲ್ಲಿ ಇದನ್ನು ಕಂಡು ವಿವರಿಸಿದರು.

ಕಾರಣ: ಆರೋಗ್ಯವಂತ ಹೃದಯದಲ್ಲಿ ಸ್ನಾಯುಕೋಶಗಳು ಒಂದರ ಪಕ್ಕ ಒಂದು ಸಾಲಾಗಿರುತ್ತವೆ. ಈ ರೋಗದಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಅವು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ನಡುನಡುವೆ ಕಲೆಗಟ್ಟಿದ ನಾರಿನ ಅಂಶವಿರುತ್ತದೆ. ಇಂಥ ಕಡೆ ವಿದ್ಯುತ್ ಸಂಕೇತ ನೇರ ಹರಿಯದೆ ತಡೆದು, ತಿರುಗಿ, ಸುತ್ತತೊಡಗಿದಾಗ ಲಯ ತಪ್ಪುತ್ತದೆ.

ಬಗೆಗಳು: ಹೆಚ್ಚಾಗಿ ಕಾಣುವುದು ಹೃತ್ಕರ್ಣದ ಕಂಪನ. ಗಡುಸಾದ ಹೃತ್ಕುಕ್ಷಿ ಸುಲಭವಾಗಿ ಸಡಿಲಗೊಳ್ಳದ್ದರಿಂದ ಒತ್ತಡ ಹಿಂದಕ್ಕೆ ಬಿದ್ದು ಎಡ ಹೃತ್ಕರ್ಣ ಹಿಗ್ಗಿ, ಕಂಪನಕ್ಕೆ ಎಡೆಮಾಡುತ್ತದೆ. ಎದೆ ಡವಡವ ಎನ್ನುವುದು, ಉಬ್ಬಸ, ಸುಸ್ತು ಇದರ ಲಕ್ಷಣಗಳು. ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಿದರೆ ಲಕ್ವ ಹೊಡೆಯುತ್ತದೆ. ಹೃತ್ಕುಕ್ಷಿಯಲ್ಲಿ ಹುಟ್ಟುವ ಅತಿವೇಗದ ಲಯ ಇನ್ನೂ ಅಪಾಯಕಾರಿ. ಅದು ಕಂಪನಕ್ಕೆ ತಿರುಗಿದರೆ ರಕ್ತ ಹರಿವೇ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಕೆಲವರಲ್ಲಿ ಈ ಹೃದಯಸ್ತಂಭನವೇ ರೋಗದ ಮೊದಲ ಲಕ್ಷಣ.

ಅಪಾಯದ ಗುರುತು: ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು, ಕಾರಣ ತಿಳಿಯದ ಮೂರ್ಛೆ, 30 ಮಿ.ಮೀ. ಮುಟ್ಟಿದ ಗೋಡೆ, ಹೋಲ್ಟರ್ (ದಿನವಿಡೀ ಬಡಿತ ದಾಖಲಿಸುವ ಸಾಧನ) ದಾಖಲೆಯಲ್ಲಿ ಕಂಡ ವೇಗದ ಬಡಿತದ ಸರಣಿ, ಎಂಆರ್‌ಐನಲ್ಲಿ ವ್ಯಾಪಕ ಕಲೆ ಮುಖ್ಯವಾದವು. ಓಡುವಾಗ ತಲೆಸುತ್ತಿ ಬಿದ್ದ ಹುಡುಗನನ್ನು 'ಬಿಸಿಲಿಗೆ ಹೀಗಾಯಿತು' ಎಂದು ಮನೆಗೆ ಕಳಿಸಬಾರದು. ಇಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಲೇಬೇಕು.

ಚಿಕಿತ್ಸೆ: ಬೀಟಾ ಬ್ಲಾಕರ್‌ಗಳು ಬಡಿತದ ವೇಗ ತಗ್ಗಿಸುತ್ತವೆ. ಹೃತ್ಕರ್ಣದ ಕಂಪನವಿರುವವರಿಗೆ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೇಕು. ಹೃದಯಸ್ತಂಭನದಿಂದ ಬದುಕುಳಿದವರಿಗೂ ಅಪಾಯ ಹೆಚ್ಚಿರುವವರಿಗೂ ಐಸಿಡಿ ಎಂಬ ಸಾಧನ ಅಳವಡಿಸುತ್ತಾರೆ. 1980ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಿದ ಈ ಸಾಧನ ಮಾರಕ ಲಯವನ್ನು ತಾನೇ ಗುರುತಿಸಿ, ವಿದ್ಯುತ್ ಆಘಾತದಿಂದ ಸರಿಪಡಿಸುತ್ತದೆ.

ಕುಟುಂಬದ ತಪಾಸಣೆ: ರೋಗಕಾರಕ ಜೀನ್ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಆದ್ದರಿಂದ ಒಬ್ಬರಲ್ಲಿ ರೋಗ ಪತ್ತೆಯಾದರೆ ಹೆತ್ತವರು, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗೋಡೆ ಹದಿಹರೆಯದಲ್ಲಿ ದಪ್ಪವಾಗತೊಡಗುವುದೂ ಉಂಟು. ಹಾಗಾಗಿ ಒಮ್ಮೆ ಎಕೋ ಸರಿಯಿದ್ದರೂ ಅದನ್ನು ಮತ್ತೆ ಮತ್ತೆ ಮಾಡಿಸುತ್ತಿರಬೇಕು.