ಶಿಶುದಂತವೈದ್ಯ ಶಿಕ್ಷಣದ ಚರಿತ್ರೆ: ಒಂದು ವಿವೇಚನೆ

ವೈದ್ಯಶಾಸ್ತ್ರದಲ್ಲಿ ಹೊಸ ಶಾಖೆಯೊಂದು ತಲೆಯೆತ್ತುವುದಕ್ಕೆ ಹೊಸ ಉಪಕರಣವೋ ಹೊಸ ಶೋಧವೋ ಕಾರಣವಾಗಿರಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕ್ಷ-ಕಿರಣಗಳು ಬೆಳಕಿಗೆ ಬಾರದೆ ಕ್ಷ-ಕಿರಣ ವಿಭಾಗವು ಹುಟ್ಟುವಂತಿರಲಿಲ್ಲ. ಶಿಶುದಂತವೈದ್ಯದ ಚರಿತ್ರೆ ಈ ಮಾದರಿಗೆ ಹೊಂದುವುದಿಲ್ಲ. ಹಲ್ಲನ್ನು ಕೊರೆಯುವ ಯಂತ್ರವೂ, ಕುಳಿಯನ್ನು ತುಂಬುವ ಲೋಹವೂ, ನೋವನ್ನು ಮರೆಸುವ ಅರಿವಳಿಕೆಯೂ ದೊಡ್ಡವರ ಚಿಕಿತ್ಸೆಯಲ್ಲಿ ಮೊದಲೇ ಬಳಕೆಗೆ ಬಂದಿದ್ದವು. ಇಲ್ಲದೆ ಇದ್ದುದು ಒಂದೇ: ಮಗುವಿನ ಬಾಯಿಯೂ ವಿಶೇಷ ವ್ಯಾಸಂಗಕ್ಕೆ ಯೋಗ್ಯವಾದ ವಿಷಯವೆಂಬ ಭಾವನೆ. ಆ ಭಾವನೆ ಎಲ್ಲಿ ಮೂಡಿತು, ಅದು ಕ್ರಮಬದ್ಧವಾದ ಶಿಕ್ಷಣವಾಗಿ ಹೇಗೆ ಮಾರ್ಪಟ್ಟಿತು, ನಮ್ಮ ದೇಶಕ್ಕೆ ಅದರ ಸಂಬಂಧವೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಹಾಲುಹಲ್ಲುಗಳು ಒಟ್ಟು 20. ಸುಮಾರು ಆರನೆಯ ತಿಂಗಳಿನಲ್ಲಿ ಮೊದಲನೆಯದು ಕಾಣಿಸಿಕೊಳ್ಳುತ್ತದೆ. ಎರಡೂವರೆ ವರ್ಷದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಆರರಿಂದ ಹನ್ನೆರಡನೆಯ ವಯಸ್ಸಿನೊಳಗೆ ಒಂದೊಂದಾಗಿ ಬಿದ್ದುಹೋಗುತ್ತವೆ. ಹೇಗೂ ಬಿದ್ದುಹೋಗುವ ಹಲ್ಲಿಗೆ ಚಿಕಿತ್ಸೆಯೇಕೆ ಎಂಬ ಮಾತು ಎಲ್ಲ ದೇಶಗಳಲ್ಲಿಯೂ ಕೇಳಿಬಂದದ್ದು ಈ ಕಾರಣದಿಂದಲೇ. ಆದರೆ ಹಾಲು ದವಡೆಹಲ್ಲು ಕಾಲಕ್ಕೆ ಮೊದಲೇ ಹೋದರೆ ಪಕ್ಕದ ಹಲ್ಲುಗಳು ಆ ತೆರವಿಗೆ ಸರಿಯುತ್ತವೆ. ಕೆಳಗಿನಿಂದ ಬರತಕ್ಕ ಶಾಶ್ವತ ಹಲ್ಲಿಗೆ ಸ್ಥಳವಿಲ್ಲದಂತಾಗುತ್ತದೆ. ಮಗು ಅಗಿಯಲಾರದು, ನಿದ್ರಿಸಲಾರದು. ಈ ಸಂಗತಿಗಳು ತಿಳಿಯದವೇನೂ ಆಗಿರಲಿಲ್ಲ. ಆದರೂ 1840ರಲ್ಲಿ ಅಮೆರಿಕಾದ ಬಾಲ್ಟಿಮೋರ್ ನಗರದಲ್ಲಿ ಮೊಟ್ಟಮೊದಲ ದಂತವೈದ್ಯ ಕಾಲೇಜು ಸ್ಥಾಪಿತವಾದ ಮೇಲೆಯೂ ಬಹುಕಾಲ ಮಗುವು ಆ ಶಿಕ್ಷಣದ ಅಂಚಿನಲ್ಲಿಯೇ ಉಳಿಯಿತು.

ಮಗುವನ್ನು ಅಂಚಿನಿಂದ ನಡುವಿಗೆ ತಂದವು ಧರ್ಮಾರ್ಥ ಚಿಕಿತ್ಸಾಲಯಗಳು; ಕಾಲೇಜುಗಳು ಆಮೇಲೆ ಬಂದವು. ಬಾಸ್ಟನ್ ನಗರದ ಫಾರ್ಸೈತ್ ಸೋದರರು ತೀರಿಹೋದ ತಮ್ಮ ಒಡಹುಟ್ಟಿದವರ ನೆನಪಿಗಾಗಿ ಮಕ್ಕಳ ದಂತಚಿಕಿತ್ಸಾಲಯವೊಂದನ್ನು 1910ರಲ್ಲಿ ಸ್ಥಾಪಿಸಿದರು; 1914ರಲ್ಲಿ ಅದರ ಕಟ್ಟಡ ತೆರೆಯಿತು. ಛಾಯಾಚಿತ್ರದ ಕ್ಯಾಮರಾಗಳಿಂದ ಪ್ರಸಿದ್ಧನಾದ ಜಾರ್ಜ್ ಈಸ್ಟ್‌ಮನ್ ರಾಚೆಸ್ಟರ್ ನಗರದಲ್ಲಿ ಕಟ್ಟಿಸಿದ ಚಿಕಿತ್ಸಾಲಯ 1917ರಲ್ಲಿ ಆರಂಭವಾಯಿತು. ಅವನ ದಾನದಿಂದಲೇ 1930ರ ದಶಕದಲ್ಲಿ ಲಂಡನ್, ರೋಮ್, ಬ್ರಸೆಲ್ಸ್, ಸ್ಟಾಕ್‌ಹೋಮ್, ಪ್ಯಾರಿಸ್ ನಗರಗಳಲ್ಲಿಯೂ ಇಂಥ ಸಂಸ್ಥೆಗಳು ತಲೆಯೆತ್ತಿದವು. ಇವುಗಳ ಬಾಗಿಲಿಗೆ ಬಂದವರು ಮುಖ್ಯವಾಗಿ ಬಡವರ ಮಕ್ಕಳು. ಹೊಸದಾಗಿ ಪದವಿ ಪಡೆದ ದಂತವೈದ್ಯನಿಗೆ ಕಾಲೇಜಿನಲ್ಲಿ ದೊರೆಯದ ಅನುಭವ ಇಲ್ಲಿ ದೊರೆಯಿತು: ದಿನವಿಡೀ ಮಕ್ಕಳು, ಮಕ್ಕಳು ಮಾತ್ರ. ಶಿಶುದಂತವೈದ್ಯದ ಶಿಕ್ಷಣಕ್ಕೆ ಇದೇ ಬೀಜವೆಂದು ನಾವು ಎಣಿಸುತ್ತೇವೆ.

ಕಾಲೇಜುಗಳ ಕೊರತೆಯನ್ನು ಎತ್ತಿ ತೋರಿಸಿದ ಬರಹ 1926ರಲ್ಲಿ ಹೊರಬಂದಿತು. ಜೀವರಸಾಯನ ಶಾಸ್ತ್ರಜ್ಞ ವಿಲಿಯಂ ಗೀಸ್ ಕಾರ್ನೆಗೀ ಪ್ರತಿಷ್ಠಾನಕ್ಕಾಗಿ ಸಿದ್ಧಪಡಿಸಿದ ವರದಿಯ ಪ್ರಕಾರ, ಅಮೆರಿಕಾದ 43 ದಂತವೈದ್ಯ ಶಾಲೆಗಳ ಪೈಕಿ ಮಕ್ಕಳ ಚಿಕಿತ್ಸೆಗೆಂದೇ ಏರ್ಪಾಡು ಮಾಡಿದ್ದವು ಐದು ಮಾತ್ರ. ಮರುವರ್ಷವೇ, 1927ರಲ್ಲಿ, ಮಕ್ಕಳ ದಂತವೈದ್ಯದ ಪ್ರಗತಿಗಾಗಿ ಸಂಘವೊಂದು ಹುಟ್ಟಿತು. 1942ರಲ್ಲಿ ಅಮೆರಿಕಾದ ದಂತವೈದ್ಯ ಶಿಕ್ಷಣ ಮಂಡಲಿಯು ಈ ವಿಷಯವು ಎಲ್ಲ ಶಾಲೆಗಳ ಪಠ್ಯಕ್ರಮದಲ್ಲಿಯೂ ಇರಬೇಕೆಂದು ಶಿಫಾರಸು ಮಾಡಿತು. 1947ರಲ್ಲಿ ತಜ್ಞರ ಅಕಾಡೆಮಿ ಸ್ಥಾಪಿತವಾಯಿತು. 1948ರಲ್ಲಿ ತಜ್ಞರನ್ನು ಪರೀಕ್ಷಿಸತಕ್ಕ ಮಂಡಲಿಗೆ ಮಾನ್ಯತೆ ದೊರೆಯಿತು. ಗೀಸ್ ವರದಿಯಿಂದ ಈ ಮಾನ್ಯತೆಯವರೆಗೆ ಕಳೆದ ಕಾಲ ಇಪ್ಪತ್ತೆರಡು ವರ್ಷ.

ಪರೀಕ್ಷೆ ಎಂದ ಮೇಲೆ ಅದಕ್ಕೆ ತಕ್ಕ ವ್ಯಾಸಂಗವೂ ಬೇಕಾಗುತ್ತದೆ. ಅದರ ರೂಪವನ್ನು ದಂತವೈದ್ಯರು ಆಸ್ಪತ್ರೆಗಳಿಂದ ಪಡೆದರು. 1889ರಲ್ಲಿ ಪ್ರಾರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಜರ್ಮನಿಯ ಪದ್ಧತಿಯನ್ನು ಅನುಸರಿಸಿ ಒಂದು ಕ್ರಮವನ್ನು ರೂಢಿಗೆ ತಂದಿದ್ದನು. ಕಲಿಯುವ ವೈದ್ಯನು ಆಸ್ಪತ್ರೆಯಲ್ಲಿಯೇ ವಾಸವಾಗಿದ್ದು, ಹಿರಿಯರ ಕಣ್ಣೆದುರಿನಲ್ಲಿ ದಿನದಿನಕ್ಕೆ ಹೆಚ್ಚಿನ ಹೊಣೆಯನ್ನು ಹೊರಬೇಕು. ಅವನಿಗೆ ‘ರೆಸಿಡೆಂಟ್’ ಎಂಬ ಹೆಸರು ಬಂದದ್ದು ಈ ವಾಸದಿಂದಲೇ. ಶಿಶುದಂತವೈದ್ಯದಲ್ಲಿ ಈ ಶಿಕ್ಷಣವು ಅಮೆರಿಕಾದಲ್ಲಿ ಈಗ ಕನಿಷ್ಠ ಎರಡು ವರ್ಷದ್ದು. ಹಲ್ಲಿನ ಕೆಲಸವಷ್ಟೇ ಅಲ್ಲದೆ ಮಗುವಿನ ದೇಹ ಮತ್ತು ಮನಸ್ಸಿನ ಬೆಳವಣಿಗೆ, ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆಯ ಕೆಳಗೆ ಚಿಕಿತ್ಸೆ, ಅಂಗವಿಕಲ ಮಕ್ಕಳ ಆರೈಕೆ ಇವೆಲ್ಲ ಅದರಲ್ಲಿ ಸೇರಿವೆ. ‘ಪೀಡೊಡಾಂಟಿಕ್ಸ್’ ಎಂಬ ಹಳೆಯ ಹೆಸರನ್ನು ಅಕಾಡೆಮಿಯು 1984ರಲ್ಲಿ ಕೈಬಿಟ್ಟು ‘ಪೀಡಿಯಾಟ್ರಿಕ್ ಡೆಂಟಿಸ್ಟ್ರಿ’ ಎಂಬುದನ್ನು ಅಂಗೀಕರಿಸಿತು. ಮಕ್ಕಳ ವೈದ್ಯದೊಡನೆ ತನಗಿರುವ ನಂಟನ್ನು ಹೊಸ ಹೆಸರು ಸ್ಪಷ್ಟಪಡಿಸುತ್ತದೆ.

ಇಂಥ ಶಿಕ್ಷಣದ ನಿಜವಾದ ಚರಿತ್ರೆ ಸಂಘಗಳ ಇಸವಿಗಳಲ್ಲಿ ಪೂರ್ತಿಯಾಗಿ ಸಿಕ್ಕುವುದಿಲ್ಲ. ಅಳುವ ಮಗುವಿನೆದುರಿಗೆ ಗುರುವು ಶಿಷ್ಯನಿಗೆ ಏನು ಕಲಿಸಿದನೆಂಬುದರಲ್ಲಿ ಅದು ಅಡಗಿದೆ. ಮಕ್ಕಳಿಗೇ ತಮ್ಮ ವೃತ್ತಿಯನ್ನು ಮೀಸಲಿಟ್ಟ ಮೊದಲಿಗರಲ್ಲಿ ಒಬ್ಬಳಾದ ಇವಾಂಜಲೀನ್ ಜೋರ್ಡನ್ 1920ರ ದಶಕದಲ್ಲಿ ಒಂದು ಕ್ರಮವನ್ನು ವರ್ಣಿಸಿದಳು: ಕೂಗಾಡುವ ಮಗುವಿನ ಬಾಯಿಯ ಮೇಲೆ ಕೈಯಿಟ್ಟು, ಸಮಾಧಾನದ ಮಾತನ್ನು ಕೇಳಿಸಿ, ಅದು ಸುಮ್ಮನಾದ ಮೇಲೆ ಕೈ ತೆಗೆಯುವುದು. ಆಕೆ ಮಕ್ಕಳ ಹಿತೈಷಿಯೇ, ಅದರಲ್ಲಿ ಸಂದೇಹವಿಲ್ಲ. ಈ ಕ್ರಮವು ದಶಕಗಳ ಕಾಲ ಬಳಕೆಯಲ್ಲಿದ್ದಿತು. 1959ರಲ್ಲಿ ಹೆರಾಲ್ಡ್ ಆಡೆಲ್‌ಸ್ಟನ್ ಬೇರೊಂದು ದಾರಿಯನ್ನು ಸೂಚಿಸಿದನು. ಮಾಡಲಿರುವುದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳು, ಉಪಕರಣವನ್ನು ತೋರಿಸು, ಹೇಳಿದಂತೆಯೇ ಮಾಡು. ಇಷ್ಟೇ ಅದರ ಸಾರ. ಬಾಯಿಯ ಮೇಲೆ ಕೈಯಿಡುವ ಪದ್ಧತಿಯನ್ನು ಅಮೆರಿಕಾದ ಅಕಾಡೆಮಿಯು ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿದ್ದು 2006ರಲ್ಲಿ. ಕಲಿಸಿದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಗುರುವಿನ ಕೈಯನ್ನು ನೋಡಿ ಕಲಿಯುವ ಶಿಕ್ಷಣದಲ್ಲಿ ಗುರುವಿನ ಗುಣದೊಡನೆ ದೋಷವೂ ಶಿಷ್ಯನಿಗೆ ಇಳಿದುಬರುತ್ತದೆ.

ಇನ್ನು ನಮ್ಮ ದೇಶದ ವಿಷಯ. ಭಾರತದ ದಂತವೈದ್ಯ ಶಿಕ್ಷಣದ ಪಿತಾಮಹರೆಂದು ಹೆಸರಾದ ಡಾ. ರಫಿಯುದ್ದೀನ್ ಅಹ್ಮದ್ ಅವರು 1915ರಲ್ಲಿ ಅಮೆರಿಕಾದ ಐಯೋವಾ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಆಮೇಲೆ 1918ರವರೆಗೆ ಕೆಲಸ ಮಾಡಿದ್ದು ಬಾಸ್ಟನ್ನಿನ ಅದೇ ಫಾರ್ಸೈತ್ ಚಿಕಿತ್ಸಾಲಯದಲ್ಲಿ. ಸ್ವದೇಶಕ್ಕೆ ಹಿಂದಿರುಗಿ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ಅವರು ತೆರೆದರು. ಎಂದರೆ, ನಮ್ಮ ಮೊದಲ ಕಾಲೇಜಿನ ಸಂಸ್ಥಾಪಕರ ವೃತ್ತಿಯ ಮೊದಲ ವರ್ಷಗಳು ಕಳೆದದ್ದು ಬಡಮಕ್ಕಳ ಚಿಕಿತ್ಸಾಲಯವೊಂದರಲ್ಲಿ. ಆದರೂ ನಮ್ಮಲ್ಲಿ ಶಿಶುದಂತವೈದ್ಯವು ಬೇರೆ ಶಾಖೆಯಾಗಿ ನೆಲೆಗೊಳ್ಳಲು ದಶಕಗಳೇ ಬೇಕಾದವು. ದಂತವೈದ್ಯರ ಕಾಯಿದೆ 1948ರಲ್ಲಿ ಬಂದಿತು. ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜು 1958ರಲ್ಲಿ, ಮಣಿಪಾಲದಲ್ಲಿ ಖಾಸಗಿ ಕಾಲೇಜು 1965ರಲ್ಲಿ ಸ್ಥಾಪಿತವಾದವು. ಈ ಶಾಖೆಯ ಅಖಿಲ ಭಾರತ ಸಂಘವು ಹುಟ್ಟಿದ್ದು 1979ರಲ್ಲಿ. ಈಗ ಇದು ಮೂರು ವರ್ಷಗಳ ಎಂ.ಡಿ.ಎಸ್. ವ್ಯಾಸಂಗದ ಒಂದು ವಿಷಯ. ರೋಗನಿವಾರಣೆಯೂ ಅದರ ಹೆಸರಿನಲ್ಲಿಯೇ ಸೇರಿಕೊಂಡಿದೆ.

ಆ ಸೇರ್ಪಡೆಗೆ ನಮ್ಮ ನಾಡಿನಲ್ಲಿ ವಿಶೇಷವಾದ ಅರ್ಥವಿದೆ. ಹುಳುಕನ್ನು ತಡೆಯುವ ಉದ್ದೇಶದಿಂದ 1945ರಲ್ಲಿ ಅಮೆರಿಕಾದ ಗ್ರಾಂಡ್ ರಾಪಿಡ್ಸ್ ನಗರವು ಕುಡಿಯುವ ನೀರಿಗೆ ಫ್ಲೋರೈಡನ್ನು ಬೆರೆಸಲು ಪ್ರಾರಂಭಿಸಿತು. ಕೋಲಾರ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಊರುಗಳಲ್ಲಿ ಅಂತರ್ಜಲದ ಫ್ಲೋರೈಡು ಹೆಚ್ಚಾಗಿಯೇ ಮಕ್ಕಳ ಹಲ್ಲುಗಳಿಗೆ ಕಂದುಗಲೆ ಹತ್ತುತ್ತದೆ. ಅಲ್ಲಿ ಬೆರೆಸುವುದು ನಿವಾರಣೆ, ಇಲ್ಲಿ ಬೇರ್ಪಡಿಸುವುದು ನಿವಾರಣೆ. ಪರದೇಶದ ಪಠ್ಯಪುಸ್ತಕವನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಇಲ್ಲಿ ತಜ್ಞನಾಗಲಾಗುವುದಿಲ್ಲವೆಂಬುದಕ್ಕೆ ಇದೊಂದು ಉದಾಹರಣೆ ಸಾಕು. ತಾನು ಚಿಕಿತ್ಸೆ ಮಾಡುವ ಮಗು ಯಾವ ಬಾವಿಯ ನೀರನ್ನು ಕುಡಿಯುತ್ತದೆಂದು ಕೇಳಿ ತಿಳಿಯುವುದೂ ಅವನ ವ್ಯಾಸಂಗದ ಭಾಗವೇ.

ಒಟ್ಟಿನಲ್ಲಿ, ಈ ಶಿಕ್ಷಣವು ಹುಟ್ಟಿದ್ದು ಹಣ ತೆರಲಾರದ ಮಕ್ಕಳ ನಡುವೆ. ಆಮೇಲೆ ಅದು ಸಂಘವಾಯಿತು, ಪರೀಕ್ಷೆಯಾಯಿತು, ಪದವಿಯಾಯಿತು. ಪದವಿಯಿಂದ ವಿದ್ಯೆಗೆ ಮಟ್ಟವೂ ಮಾನವೂ ಬಂದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಜ್ಞರು ನಗರಗಳಲ್ಲಿಯೇ ನೆಲಸಿ, ಹಳ್ಳಿಯ ತಾಯಿಯು ‘ಬಿದ್ದುಹೋಗುವ ಹಲ್ಲು ತಾನೆ’ ಎಂದು ಮಗುವಿನ ನೋವನ್ನು ಸಹಿಸಿಕೊಂಡಿರುವವರೆಗೆ, ಈ ವಿದ್ಯೆ ತನ್ನ ಮೊದಲ ಪ್ರಶ್ನೆಗೆ ಪೂರ್ತಿಯಾಗಿ ಉತ್ತರ ಕೊಟ್ಟಂತಾಗುವುದಿಲ್ಲ. ಕಲಿಯುವ ವೈದ್ಯನು ಎರಡು ಮೂರು ವರ್ಷ ಯಾವ ಮಕ್ಕಳ ನಡುವೆ ಕಲಿಯುತ್ತಾನೆಂಬುದು ಅವನು ಮುಂದೆ ಯಾರ ವೈದ್ಯನಾಗುತ್ತಾನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಪಠ್ಯಕ್ರಮವನ್ನು ರಚಿಸುವವರು ಬಾಸ್ಟನ್, ರಾಚೆಸ್ಟರ್‌ಗಳ ಚರಿತ್ರೆಯಿಂದ ಈ ಒಂದು ಅಂಶವನ್ನಾದರೂ ಗ್ರಹಿಸಬೇಕೆಂಬುದು ನಮ್ಮ ಅಭಿಪ್ರಾಯ.