ಯೋಜನಾ ಸಾಧನಗಳ ಆಯ್ಕೆ (ತಂತ್ರಾಂಶ)

ತಂತ್ರಾಂಶ ತಯಾರಿಕೆಯಲ್ಲಿ ಯಾವ ಕೆಲಸ ಯಾರದು, ಎಂದಿಗೆ ಮುಗಿಯಬೇಕು, ಎಲ್ಲಿ ನಿಂತಿದೆ ಎಂಬುದನ್ನು ದಾಖಲಿಸುವ ಸಾಧನವನ್ನು ಗೊತ್ತುಮಾಡಿಕೊಳ್ಳುವ ಕ್ರಮ. ಧರ್ಮಸ್ಥಳದ ಸಮೀಪದ ಉಜಿರೆಯ ಎಸ್‌ಡಿಎಂ ತಾಂತ್ರಿಕ ಸಂಸ್ಥೆ, ಮೂಡುಬಿದಿರೆ ಬಳಿಯ ಮಿಜಾರಿನ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಪ್ರಾಜೆಕ್ಟಿನ ಹೊತ್ತಿಗೆ ಈ ಪ್ರಶ್ನೆ ಎದುರಾಗುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ವಿಷಯವೇ ಇದೆ. ಆದರೆ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಕಾಯುವುದು ಕೋಡಿನ ಆವೃತ್ತಿಗಳನ್ನು. ಕೆಲಸದ ಹಂಚಿಕೆಗೆ ಬೇರೆ ಸಾಧನ ಬೇಕು.

ಮೂರು ಬಗೆಗಳು ಬಳಕೆಯಲ್ಲಿವೆ. ಹೆನ್ರಿ ಗ್ಯಾಂಟ್ ಹೆಸರಿನ ಪಟ್ಟಿಚಿತ್ರವನ್ನು ಆಧರಿಸಿದ ಮೈಕ್ರೋಸಾಫ್ಟ್ ಪ್ರಾಜೆಕ್ಟ್, ದಿನಾಂಕಗಳು ಮೊದಲೇ ನಿಗದಿಯಾದ ಗುತ್ತಿಗೆ ಕೆಲಸಕ್ಕೆ ಒಪ್ಪುತ್ತದೆ. ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಪದ್ಧತಿಯಿಂದ ಬಂದದ್ದು ಟ್ರೆಲೊ (2011): ‘ಲಾಗಿನ್ ಪುಟ’ ಎಂಬ ಕಾರ್ಡು ‘ಮಾಡಬೇಕು’ ಅಂಕಣದಿಂದ ‘ನಡೆಯುತ್ತಿದೆ’ಗೆ, ಅಲ್ಲಿಂದ ‘ಮುಗಿದಿದೆ’ಗೆ ಸರಿಯುತ್ತದೆ. ಜಿರಾ (2002) ದೋಷಗಳ ಲೆಕ್ಕ, ಸ್ಪ್ರಿಂಟ್ (ನಿಗದಿತ ಅವಧಿಯ ಕೆಲಸದ ಸುತ್ತು), ವರದಿ ಎಲ್ಲವನ್ನೂ ಕೊಡುತ್ತದೆ. ಅಷ್ಟೇ ನಿರ್ವಹಣೆಯನ್ನೂ ಕೇಳುತ್ತದೆ.

ನಾಲ್ಕು ಮಂದಿಯ ವಿದ್ಯಾರ್ಥಿ ತಂಡಕ್ಕೆ ಜಿರಾ ಹೊರೆಯೇ ಸರಿ. ಗಿಟ್ ಕೋಡನ್ನು ಇರಿಸುವ ತಾಣವಾದ ಗಿಟ್‌ಹಬ್‌ನ ‘ಇಶ್ಯೂ’ (ಕೆಲಸ ಅಥವಾ ದೋಷದ ನಮೂದು) ಸಾಕು, ಉತ್ತಮ ಕೂಡ: ಕೋಡಿನ ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಕಮಿಟ್ ಸಂದೇಶದಲ್ಲಿ ‘ಫಿಕ್ಸಸ್’ ಎಂಬ ಇಂಗ್ಲಿಷ್ ಪದದೊಂದಿಗೆ ಇಶ್ಯೂವಿನ ಸಂಖ್ಯೆ ಬರೆದರೆ, ಆ ಕೋಡು ಮುಖ್ಯ ಶಾಖೆಗೆ ಸೇರಿದೊಡನೆ ಇಶ್ಯೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಯೋಜನೆಯೂ ಕೋಡೂ ಒಂದೇ ಕಡೆ ಇರುವುದರಿಂದ ಯಾರು ಏನು ಮಾಡಿದರೆಂಬುದು ಮಾರ್ಗದರ್ಶಕರಿಗೂ ನೇರವಾಗಿ ಕಾಣುತ್ತದೆ. ಗ್ರಾಹಕರು, ಪರೀಕ್ಷಕರು, ಹಲವು ತಂಡಗಳು ಕೂಡಿದ ಮೇಲೆ ಜಿರಾದಂಥ ಸಾಧನದ ಮಾತು.