ತೆರೆಯ ‘ಕೌರವ’, ಕಣದ ಏಳುಬೀಳು: ಬಿ.ಸಿ. ಪಾಟೀಲರ ಹಾದಿ

ಹಾವೇರಿ ಜಿಲ್ಲೆ ನಾಡಿಗೆ ಪರಿಚಿತವಾದದ್ದು ಸಂತರಿಂದ, ಕವಿಗಳಿಂದ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಶಿಶುನಾಳ ಷರೀಫ ಸಾಹೇಬರ ನೆಲ. ಸವಣೂರು ವಿ.ಕೃ. ಗೋಕಾಕರ ಹುಟ್ಟೂರು. ಹಾನಗಲ್ಲಿನ ಹೆಸರು ಗಂಗೂಬಾಯಿಯವರ ಸಂಗೀತದೊಡನೆ ದೇಶವೆಲ್ಲ ಸುತ್ತಿತು. ಇಂಥ ಜಿಲ್ಲೆಯ ಹಿರೇಕೆರೂರಿನಲ್ಲಿ ಸಿನಿಮಾವೊಂದರ ಹೆಸರನ್ನೇ ಬಿರುದಾಗಿ ಹೊತ್ತು ಮತ ಕೇಳಿದವರು ನಟ ಬಿ.ಸಿ. ಪಾಟೀಲ.

ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಮೂಲದ ಪಾಟೀಲರು ಪೊಲೀಸ್ ಅಧಿಕಾರಿಯಾಗಿದ್ದವರು. ಚಿತ್ರರಂಗದಲ್ಲಿ ಅವರಿಗೆ ಗಟ್ಟಿ ನೆಲೆ ಒದಗಿಸಿದ್ದು 1993ರ ‘ನಿಷ್ಕರ್ಷ’. ಸುನೀಲ್ ಕುಮಾರ್ ದೇಸಾಯಿ ನಿರ್ದೇಶನದ, ವಿಷ್ಣುವರ್ಧನ್ ಮತ್ತು ಅನಂತನಾಗ್ ಅಭಿನಯದ ಈ ಚಿತ್ರ ಬ್ಯಾಂಕ್ ದರೋಡೆಯ ಸುತ್ತ ಹೆಣೆದ ಕಥೆ. ಪಾಟೀಲರು ಇದರ ನಿರ್ಮಾಪಕರೂ ಹೌದು, ನಟರೂ ಹೌದು.

ನಾಯಕನಟನಾಗಿ ಅವರನ್ನು ಮನೆಮಾತಾಗಿಸಿದ್ದು 1998ರ ‘ಕೌರವ’. ಎಸ್. ಮಹೇಂದರ್ ನಿರ್ದೇಶಿಸಿದ ಈ ಚಿತ್ರಕ್ಕೆ ಪ್ರೇಮಾ ನಾಯಕಿ, ಹಂಸಲೇಖ ಅವರ ಸಂಗೀತ. ಅಂದಿನಿಂದ ‘ಕೌರವ’ ಎಂಬುದು ಅವರ ಹೆಸರಿನ ಭಾಗವೇ ಆಯಿತು. ಆದರೆ ಆ ಮಟ್ಟದ ಯಶಸ್ಸು ನಂತರದ ಚಿತ್ರಗಳಿಗೆ ದೊರೆಯಲಿಲ್ಲ.

ಆ ಹೆಸರಿಗೆ ಹೊಸ ಬಳಕೆ ಒದಗಿದ್ದು ಚುನಾವಣಾ ಕಣದಲ್ಲಿ. 2004ರಲ್ಲಿ ಜಾತ್ಯತೀತ ಜನತಾದಳದಿಂದ, 2008ರಲ್ಲಿ ಕಾಂಗ್ರೆಸ್‌ನಿಂದ ಹಿರೇಕೆರೂರು ಕ್ಷೇತ್ರದಲ್ಲಿ ಅವರು ಗೆದ್ದರು. 2013ರಲ್ಲಿ ಕರ್ನಾಟಕ ಜನತಾ ಪಕ್ಷದ ಯು.ಬಿ. ಬಣಕಾರ ಅವರಿಗೆ ಸೋತರು. ಮತದಾರರು ಕೊಟ್ಟ ಆ ಬಿಡುವಿನಲ್ಲಿ ಪಾಟೀಲರು ಮರಳಿ ತೆರೆಗೆ ಬಂದರು. ಕುಟುಂಬದವರೇ ನಿರ್ಮಿಸಿದ, ಪನ್ನಗ ಭರಣ ನಿರ್ದೇಶನದ ‘ಹ್ಯಾಪಿ ನ್ಯೂ ಇಯರ್’ 2017ರಲ್ಲಿ ಬಿಡುಗಡೆಯಾಯಿತು.

2018ರಲ್ಲಿ ಅದೇ ಬಣಕಾರ ಅವರ ವಿರುದ್ಧ ಪಾಟೀಲರಿಗೆ ದಕ್ಕಿದ ಗೆಲುವಿನ ಅಂತರ ಕೇವಲ 555 ಮತ. ಕ್ಷೇತ್ರದಲ್ಲಿ ಮುಖ ಪರಿಚಯವಿಲ್ಲದವರೇ ಇಲ್ಲವೆನ್ನಬಹುದಾದ ನಟನಿಗೂ ಗೆಲುವು ಎಷ್ಟು ತೆಳುವಾಗಿರಬಲ್ಲದು ಎಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ. ಮರುವರ್ಷ ಮೈತ್ರಿ ಸರ್ಕಾರದ ಪತನಕ್ಕೆ ಕಾರಣರಾದ ಶಾಸಕರಲ್ಲಿ ಒಬ್ಬರಾಗಿ ಅವರು ಅನರ್ಹಗೊಂಡರು. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಭಾರಿ ಅಂತರದಲ್ಲಿ ಗೆದ್ದರು. 2020ರ ಫೆಬ್ರುವರಿಯಲ್ಲಿ ಸಚಿವರಾಗಿ, ಬಿ.ಎಸ್. ಯಡಿಯೂರಪ್ಪ ಹಾಗೂ ಶಿಗ್ಗಾವಿ ಕ್ಷೇತ್ರದ ಬಸವರಾಜ ಬೊಮ್ಮಾಯಿ ಅವರ ಸಂಪುಟಗಳಲ್ಲಿ ಕೃಷಿ ಖಾತೆ ನಿರ್ವಹಿಸಿದರು.

2023ರಲ್ಲಿ ಮತ್ತೆ ತಿರುವು. ಆ ವೇಳೆಗೆ ಕಾಂಗ್ರೆಸ್ ಸೇರಿದ್ದ ಬಣಕಾರ ಅವರೇ ಗೆದ್ದರು. ಜಿಲ್ಲೆಯ ಆರು ಕ್ಷೇತ್ರಗಳ ಪೈಕಿ ಶಿಗ್ಗಾವಿಯಲ್ಲಿ ಮಾತ್ರ ಬಿಜೆಪಿ ಉಳಿಯಿತು. ಸೋಲಿನ ಆರು ತಿಂಗಳಿಗೆ, ಅದೇ ವರ್ಷದ ನವೆಂಬರ್‌ನಲ್ಲಿ, ಯೋಗರಾಜ್ ಭಟ್ ನಿರ್ದೇಶನದ ‘ಗರಡಿ’ ತೆರೆಕಂಡಿತು. ಕುಸ್ತಿಯ ಹಿನ್ನೆಲೆಯ ಈ ಚಿತ್ರದ ನಿರ್ಮಾಣ ಪಾಟೀಲರ ಕುಟುಂಬದ್ದೇ. ನಿರ್ಮಾಣ ಸಂಸ್ಥೆಯ ಹೆಸರಲ್ಲಿಯೂ ಉಳಿದಿರುವುದು ‘ಕೌರವ’. ಅದರಲ್ಲಿ ಅವರು ನಾಯಕನಲ್ಲ, ಗರಡಿಮನೆಯ ಹಿರಿಯ.

ಎರಡು ದಶಕಗಳಲ್ಲಿ ಮೂರು ಪಕ್ಷಗಳ ಚಿಹ್ನೆಗಳು ಬಂದು ಹೋದವು. ಶಾಸಕತ್ವ, ಸಚಿವಗಿರಿಗಳೂ ಬಂದು ಹೋದವು. ಜನ ಕೊಟ್ಟು ಹಿಂಪಡೆಯದೆ ಉಳಿಸಿದ್ದು ಒಂದೇ: 1998ರ ಆ ಚಿತ್ರದ ಹೆಸರು.